ಯುನೂಸನ ಗಂಟು

8 ಫೆಬ್ರವರಿ 1979, ಗುರುವಾರ. ಹುಮನಾಬಾದ

ಮೈಕಿನ ವೈರಿಗೆ ಯುನೂಸ ಹಾಕಿದ ಬೆಸುಗೆಯನ್ನು ಇವತ್ತು ನಾನೇ ಬಿಚ್ಚಿದೆ. ನಮ್ಮ ಅಂಗಡಿಯಲ್ಲಿ ಇಷ್ಟು ವರ್ಷ ಜೊತೆಗಿದ್ದವನು. ಅವನು ತೀರಿಕೊಂಡು ನಲವತ್ತನೇ ದಿನದ ಫಾತಿಹಾ ಕೂಡ ಇನ್ನೂ ಆಗಿಲ್ಲ.

ಮಾಣಿಕನಗರಕ್ಕೆ ಲಲಿತಾಬಾಯಿಯವರ ಭಜನೆ ರೆಕಾರ್ಡ್ ಮಾಡಲು ರೇಡಿಯೋದವರು ಬಂದಿದ್ದರು. ಅವರದೊಂದು ಮೈಕು, ನಮ್ಮದೊಂದು. ಬೇರೆ ಬೇರೆ ಹಚ್ಚಿದರೆ ಎರಡೂ ಚೆನ್ನ. ಎರಡರ ದನಿಯನ್ನೂ ಮಿಕ್ಸರಿನಲ್ಲಿ ಕೂಡಿಸಿದೊಡನೆ ಬಾಯಿಯವರ ತುಂಬುಕಂಠ ಬಡಕಲಾಗಿ ಎಲ್ಲೋ ದೂರ ಹೋಗಿಬಿಡುತ್ತಿತ್ತು.

ರೇಡಿಯೋದ ಮಹಾರುದ್ರಪ್ಪನವರು ನಮ್ಮ ಪ್ಲಗ್ ಬಿಚ್ಚಿ ನೋಡಿದರು. "ಕೆಂಪು ವೈರು, ಬಿಳಿ ವೈರು ಅದಲುಬದಲ್ ಅದಾವ್ರಿ. ನಮ್ಮ ಮೈಕು ದನಿ ಮುಂದಕ ದೂಡಿದ್ರ ನಿಮ್ದು ಹಿಂದಕ ಜಗ್ಗಾಕತ್ತದ. ಯಾರ್ ಹಾಕ್ಯಾರ್ರಿ?"

"ನಮ್ಮ ಯುನೂಸ ಹಾಕ್ಯಾನ್ರಿ. ನಮ್ಮವು ಎಲ್ಲಾ ಹಿಂಗ ಅದಾವ."

ಎಲ್ಲವೂ ಒಂದೇ ಥರ ಇದ್ದುದರಿಂದ ನಮ್ಮ ಮೈಕುಗಳು ತಮ್ಮತಮ್ಮಲ್ಲಿ ಎಂದೂ ಜಗಳವಾಡಿರಲಿಲ್ಲ.

ಬೆಸುಗೆ ಜಗ್ಗಬಾರದೆಂದು ಅವನು ಹೆಂಡತಿ ಅನ್ವರಿಯ ಹೊಲಿಗೆ ದಾರದಿಂದ ಗಂಟು ಕಟ್ಟುತ್ತಿದ್ದ. ಅದನ್ನು ಬ್ಲೇಡಿನಿಂದ ಕೊಯ್ದು ವೈರು ತಿರುಗಿಸಿ ಹಾಕಿದೆ. ದನಿ ತುಂಬಿ ಬಂತು. ಎಲ್ಲರೂ ಭೇಷ್ ಅಂದರು. ನನಗೆ ಕೇಳಲಾಗಲಿಲ್ಲ, ಹೊರಗೆ ಹೋಗಿ ನಿಂತೆ.

ಉಳಿದ ವೈರುಗಳನ್ನೂ ಹೀಗೇ ಬದಲಿಸಿ ಎಂದು ರೇಡಿಯೋದವರು ಹೇಳಿ ಹೋಗಿದ್ದಾರೆ. ಬದಲಿಸುವುದಿಲ್ಲ, ಹೋಗ್ರಿ. ಈ ಒಂದು ಮೈಕೇ ಈಗ ನಮ್ಮ ಉಳಿದ ಮೈಕುಗಳ ಜೊತೆ ಕೂಡದೆ ಮನೆಯಲ್ಲೇ ಪರಕೀಯವಾಗಿದೆ. ಇದನ್ನೇ ಮೊದಲಿನಂತೆ ಮಾಡುತ್ತೇನೆ. ವೈರು ತಿರುಗಿಸುವುದು ನನಗೆ ಬರುತ್ತದೆ. ಊಟ ಬಿಟ್ಟು ದಾರ ಹಿಡಿದು ಕೂತಿದ್ದೇನೆ. ಆ ಗಂಟು ಬರುತ್ತಿಲ್ಲ, ಯುನೂಸ.