ಅಣ್ಣನ ನಂಬರ್

ಹಿಂದೂಪುರ, ಜೂನ್ ೧೪, ಶನಿವಾರ

ನನ್ನ ವ್ಯಾಪಾರದ ವೆಬ್‌ಸೈಟ್ ಹೊಸ ರೂಪದಲ್ಲಿ ಸಂಜೆ ಲೈವ್ ಆಯಿತು. ಬಣ್ಣ, ಅಕ್ಷರ, ಫೋಟೋ ಎಲ್ಲ ಬದಲಿಸಿದವಳು ಫೋನ್ ನಂಬರನ್ನು ಮಾತ್ರ ಹಳೆಯ ಸೈಟಿನಿಂದ ಹಾಗೇ ತಂದಿದ್ದೆ. ದಡ್ಡಿ ನಾನು. ಅದು ಓಬುಳೇಶಣ್ಣನ ನಂಬರ್; ಗಿರಾಕಿಗಳ ಹತ್ತಿರ ಮಾತಾಡುತ್ತಿದ್ದವನು ಅವನೇ. ಬೈಕಿನಲ್ಲಿ ಕಲ್ಯಾಣದುರ್ಗಕ್ಕೆಂದು ಹೊರಟವನು ದಾರಿಯಲ್ಲೇ ತೀರಿಕೊಂಡು ವರ್ಷವಾಯಿತು.

ಸರಿಯಿದೆಯೇ ನೋಡೋಣವೆಂದು ‘ಕರೆ ಮಾಡಿ’ ಒತ್ತಿದರೆ, ಅಡುಗೆಮನೆಯಲ್ಲಿ ಅವನ ಫೋನ್ ರಿಂಗಾಯಿತು. ಅಮ್ಮ ಅದನ್ನು ಇನ್ನೂ ಚಾರ್ಜಿಗೆ ಹಾಕುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ಫೋನಿನ ಮೇಲೆ ಮೂಡಿದ ನನ್ನ ಹೆಸರು ಓದಲು ಬಾರದ ಅಮ್ಮ ಎತ್ತಿದಳು.

“ಯಾರಪ್ಪಾ? ಓಬುಳೇಶ ಕಲ್ಯಾಣದುರ್ಗಕ್ಕೆ ಹೋಗವ್ನೆ ಕಣಪ್ಪ. ನಾಳೆ ಮಾಡು, ಸಿಕ್ತಾನೆ.”

ಗೋಡೆಯ ಈಚೆ ನಾನು ಮೆಲ್ಲಗೆ ಕರೆ ಕಟ್ ಮಾಡಿದೆ.

ನಂಬರ್ ತೆಗೆಯಬೇಕೆಂದು ಈಗ ಕೂತಿದ್ದೇನೆ, ಕೈ ಬರುತ್ತಿಲ್ಲ. ತೆಗೆದರೆ, ಅಣ್ಣ ಎಲ್ಲಿ ಎಂದು ಅಮ್ಮನನ್ನು ಇನ್ನು ಯಾರು ಕೇಳುತ್ತಾರೆ?