ಅಮ್ಮ ಇಳಿಯುವ ಹೊತ್ತು

ಉಪ್ಪಾರಹಳ್ಳಿ, ತುಮಕೂರು
೭-೩-೧೯೮೩

ಅಕ್ಕ ಬಸವಲಿಂಗಮ್ಮನಿಗೆ ನಿನ್ನ ತಂಗಿ ಸರ್ವಮಂಗಳ ಮಾಡುವ ನಮಸ್ಕಾರಗಳು.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಅಮ್ಮ ಬಂದ ಮನೆಯಿಂದ ಕಾಗದವೂ ಹೊರಗೆ ಹೋಗಬಾರದಂತೆ! ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ ಮೇಲೆ ನಾನು ಹೊಸಿಲು ದಾಟಿಲ್ಲ, ತಲೆ ಬಾಚಿಲ್ಲ. ಒಗ್ಗರಣೆಯಿಲ್ಲದ ಸಾರು ತಿಂದು ನಾಲಿಗೆ ಸತ್ತುಹೋಗಿದೆ. ಪಕ್ಕದ ಮನೆಯ ಕುಲ್ಸುಂ ಬೀ ಗೋಡೆಯಾಚೆಯಿಂದ ಮಾತಾಡಿಸದಿದ್ದರೆ ನನಗೆ ಹುಚ್ಚೇ ಹಿಡಿಯುತ್ತಿತ್ತು. ಈ ಕಾಗದವನ್ನೂ ಅವರ ಯಜಮಾನರು ಹಬೀಬ್ ಸಾಬರು ಗುಬ್ಬಿ ಸಂತೆಗೆ ಬರುವಾಗ ನಿನ್ನ ಕೈಗೆ ಕೊಡುತ್ತಾರೆ.

ನಮ್ಮ ಶೈಲ ಹೋದ ಸುದ್ದಿ ಭಾವನವರಿಗೆ ತಲುಪಿದೆಯಂತೆ. ನಿನ್ನನ್ನು ಬರಬೇಡವೆಂದು ಹೇಳಿಕಳಿಸಿದ್ದು ಅತ್ತೆ, ನಾನಲ್ಲ. ಹೇಗಾಯಿತು ಎಂದು ನೀನು ಕೇಳೇ ಕೇಳುತ್ತೀಯ. ಮೈತುಂಬ ಕೆಂಪಗೆ ಎದ್ದಿದ್ದ ಗುಳ್ಳೆ ಬಾಡತೊಡಗಿದಾಗ ಮನೆಯಲ್ಲಿ ಸಂಭ್ರಮವೋ ಸಂಭ್ರಮ. "ಅಮ್ಮ ಇಳೀತವ್ಳೆ ಕಣೇ, ಇನ್ನು ಭಯ ಇಲ್ಲ" ಎಂದು ಅತ್ತೆ ತಂಬಿಟ್ಟಿಗೆ ಅಕ್ಕಿ ನೆನೆಹಾಕಿದರು. ಮಗು ಮಾತ್ರ ಓಡಿಬಂದವಳ ಹಾಗೆ ಏದುಸಿರು ಬಿಡುತ್ತಿದ್ದಳು. ಸುಸ್ತು ಅಂದುಕೊಂಡೆವು. ಬೇವಿನ ನೀರು ಹಾಕಿ ಮಲಗಿಸಿದ ಸಂಜೆಯೇ ಹೋಗಿಬಿಟ್ಟಳು.

ಆಮೇಲೆ ಇವರು ದೊಡ್ಡಾಸ್ಪತ್ರೆಯ ಲೇಡಿ ಡಾಕ್ಟರನ್ನು ಕೇಳಿಕೊಂಡು ಬಂದರು. ಹೊರಗೆ ತಿರುಗುವವರು ಮನೆಯೊಳಗೆ ಬರುವಂತಿಲ್ಲವಾದ್ದರಿಂದ ಶಿರಾ ಗೇಟಿನ ತೆಂಗಿನಕಾಯಿ ಮಂಡಿಯಲ್ಲೇ ಮಲಗುತ್ತಿದ್ದಾರೆ. ಕಿಟಕಿಯಲ್ಲಿ ನಿಂತು ಹೇಳಿದರು: "ಇದು ದಡಾರ ಕಣೇ, ವೈರಸ್ಸಂತೆ. ಕೆಮ್ಮಿದ್ರೆ ಸಾಕು, ಗಾಳೀಲೇ ಅಂಟುತ್ತಂತೆ. ಗುಳ್ಳೆ ಏಳೋಕ್ ಮುಂಚೆ, ಬರೀ ನೆಗಡಿ ಇದ್ದಾಗ್ಲೇ ಇನ್ನೊಬ್ರಿಗೆ ಹೋಗಿರುತ್ತಂತೆ. ಗುಳ್ಳೆ ಇಳಿದ್ರೆ ಗೆದ್ವಿ ಅನ್ಕೋಬಾರ್ದಂತೆ. ಉಸಿರೆಳೆಯೋವಾಗ ಪಕ್ಕೆ ಒಳಕ್ಕೆ ಹೋದ್ರೆ ಶ್ವಾಸಕೋಶಕ್ಕೆ ಇಳಿದಿದೆ ಅಂತ, ತಕ್ಷಣ ಕರ್ಕೊಂಡು ಬನ್ನಿ ಅಂದ್ರು." ನನಗೇನೋ ಹೇಳಿದರು, ಅವರಮ್ಮನ ಮುಂದೆ ಬಾಯಿ ಬಿಡಬೇಕಲ್ಲ! ತಲೆ ತಗ್ಗಿಸಿಕೊಂಡು ಮಂಡಿಗೆ ಹೋದರು.

ಮಹೇಶನಿಗೂ ಗುಳ್ಳೆ ಎದ್ದಿದೆ, ಇವನನ್ನಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗೋಣವೇ ಎಂದು ನಾನೇ ಕೇಳಿದೆ. "ಅಮ್ಮ ಮೈಮೇಲಿರೋವಾಗ ಸೂಜಿ ಚುಚ್ಚಿಸ್ತೀಯಾ? ಇರೋ ಒಬ್ಬನ್ನೂ ಕಳ್ಕೋಬೇಕೇನೇ?" ಎಂದರು ಅತ್ತೆ. ಕೆಟ್ಟವರಲ್ಲ ಅಕ್ಕ. ಕೂತಲ್ಲೇ ತೂಕಡಿಸುತ್ತ ಮಹೇಶನಿಗೆ ಬೇವಿನ ಸೊಪ್ಪಿನಲ್ಲಿ ಗಾಳಿ ಬೀಸುತ್ತಾರೆ. ಅವರ ಮೇಲೆ ಸಿಟ್ಟು ಮಾಡಲಿಕ್ಕೂ ಆಗುವುದಿಲ್ಲ, ಅವರ ಮಾತು ಕೇಳಲಿಕ್ಕೂ ಆಗುವುದಿಲ್ಲ.

ಇವತ್ತು ಬೆಳಿಗ್ಗೆ ಮಹೇಶನ ಗುಳ್ಳೆ ಬಾಡಿದೆ. ಅತ್ತೆ ದೀಪ ಹಚ್ಚಿದರು. ನಾನು ಅವನ ಅಂಗಿ ಎತ್ತಿ ನೋಡಿದೆ. ಉಸಿರಿಗೊಮ್ಮೆ ಪಕ್ಕೆ ಒಳಕ್ಕೆ ಹೋಗುತ್ತಿದೆ.

ಅತ್ತೆ ಮೊಸರನ್ನ ತೆಗೆದುಕೊಂಡು ಮಾರಮ್ಮನ ಗುಡಿಗೆ ಹೋಗಿದ್ದಾರೆ. ದೇವರ ಹತ್ತಿರ ಹೋಗುವುದಕ್ಕೆ ಅಡ್ಡಿಯಿಲ್ಲವಲ್ಲ. ಕುಲ್ಸುಂ ಬೀ ಹಿತ್ತಲ ಬಾಗಿಲಿಗೆ ಜಟಕಾ ತರಿಸುತ್ತಿದ್ದಾರೆ. ಅದು ಬರುವವರೆಗೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಇದನ್ನು ಗೀಚುತ್ತಿದ್ದೇನೆ. ನಾನು ಮತ್ತೆ ಈ ಮನೆಗೆ ಬರುತ್ತೇನೋ, ಇವರು ಸೇರಿಸುತ್ತಾರೋ, ಗೊತ್ತಿಲ್ಲ. ನೀನು ಮನೆಗೆ ಬರಬೇಡ, ನೇರ ದೊಡ್ಡಾಸ್ಪತ್ರೆಗೆ ಬಾ. ಮಕ್ಕಳನ್ನು ಮಾತ್ರ ಕರೆತರಬೇಡ. ಅವರಿಗೆ ನೂರು ವರ್ಷ ಆಯಸ್ಸಿರಲಿ. ಭಾವನವರಿಗೆ ನಮಸ್ಕಾರ.

ಇಂತಿ ನಿನ್ನ ತಂಗಿ,
ಸರ್ವಮಂಗಳ

ಮರೆತಿದ್ದೆ: ಶೈಲ ಹೋದ ದಿನ ಈ ಮನೆಯಲ್ಲಿ ಯಾರೂ ಅಳಲಿಲ್ಲ. ಅಮ್ಮ ಇರುವ ಮನೆಯಲ್ಲಿ ಕಣ್ಣೀರು ಬಿದ್ದರೆ ಮಹೇಶನನ್ನೂ ಕರೆದುಕೊಂಡು ಹೋಗುತ್ತಾಳೆ ಎಂದು ಅತ್ತೆ ನನ್ನ ಬಾಯಿಗೆ ಸೆರಗು ಒತ್ತಿ ಹಿಡಿದರು. ಇನ್ನೊಂದು ಕೈಯಲ್ಲಿ ತಮ್ಮ ಬಾಯನ್ನೂ ಮುಚ್ಚಿಕೊಂಡಿದ್ದರು. ಇದು ಉಸಿರಿನಿಂದ ಬರುವ ಕಾಯಿಲೆ, ಕಣ್ಣೀರಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಈಗ ನನಗೆ ಚೆನ್ನಾಗಿ ಗೊತ್ತು. ಆದರೂ ಅಳುವುದಕ್ಕೆ ಧೈರ್ಯ ಬರುತ್ತಿಲ್ಲ ಅಕ್ಕ. ನನ್ನನ್ನು ನೋಡಿದ ಕೂಡಲೇ ನೀನು ಅಳಬೇಡ. ನೀನು ಅತ್ತರೆ ನಾನೂ ಅತ್ತುಬಿಡುತ್ತೇನೆ.