ಐದನೆಯ ತಟ್ಟೆ

ನರಸಿಂಹರಾಜಪುರ
18-9-2024, ಬುಧವಾರ

ಪ್ರೀತಿಯ ಮಲ್ಲಿ,

ಅತ್ತಿಗೆ ಎಂದು ಬರೆಯಲು ಹೋಗಿ ಕೈ ತಡೆಯಿತು. ಕೊಪ್ಪದ ಪಕ್ಕದ ನಾರ್ವೆಯ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತಾಗ ಕರೆಯುತ್ತಿದ್ದ ಹೆಸರಿನಿಂದಲೇ ಕರೆಯುತ್ತಿದ್ದೇನೆ. ಫೋನಿನಲ್ಲಿ ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ತಪ್ಪೇನಿಲ್ಲ. ಭಾನುವಾರ ನಾನು ಮಾಡಿದ್ದನ್ನು ಯಾರಾದರೂ ನನಗೆ ಮಾಡಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ಆದರೆ ಈ ಕಾಗದವನ್ನು ಪೂರ್ತಿ ಓದು, ಆಮೇಲೆ ಬೇಕಾದರೆ ಒಲೆಗೆ ಹಾಕು. ಓದುವಾಗ ನಿನ್ನ ಅಮ್ಮ ಹೊನ್ನಕ್ಕ ಹತ್ತಿರ ಇರುವುದು ಬೇಡ.

ಮೊದಲು ಒಂದು ತಪ್ಪೊಪ್ಪಿಗೆ. ನಮ್ಮ ಶಾಲೆಯ ತ್ರಿಪುರಸುಂದರಿ ಟೀಚರ್ ನಿವೃತ್ತರಾದರೆಂದು ಅವರ ಮಗಳು ಭಾನುವಾರದ ಊಟಕ್ಕೆ ಮೂರು ಸೀಟು ಬುಕ್ ಮಾಡಿ, ಒಂದಕ್ಕೆ ನನ್ನನ್ನು ಕರೆದಳು. ಅದು ನಿನ್ನ ಹೋಟೆಲೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬಂದೆ. ನನ್ನ ಅಣ್ಣನನ್ನು ಬಿಟ್ಟು ಹೋಗಿ, ನಾಲ್ಕು ವರ್ಷ ಗೋವಾದಲ್ಲಿ ಇಟಲಿಯವರ ಅಡುಗೆಮನೆಯಲ್ಲಿ ದುಡಿದವಳು ಕೊಪ್ಪಕ್ಕೆ ಬಂದು ಏನು ಮಾಡಿಯಾಳು ಎಂದು ನೋಡಬೇಕಿತ್ತು. ನೀನು ಸೋತಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ.

ಬಾಗಿಲಲ್ಲಿ ಹೊನ್ನಕ್ಕ ಬಂದವರಿಗೆಲ್ಲ ಕೈಗೆ ನೀರು ಹಾಕುತ್ತಿದ್ದರು. ಎದುರಿಗೇ ನಿಂತ ನನ್ನನ್ನು ನೋಡಿ ಯಾರು ಎಂದು ಕೇಳಿದರು. ಸಿಟ್ಟಿಗೆ ಹಾಗೆ ಕೇಳಿದರು ಅಂದುಕೊಂಡೆ. ನಾನು ಮಾತಾಡಿದ ಮೇಲೆ ದನಿಯಿಂದ ಗುರುತು ಹಿಡಿದು, ನನ್ನ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಿಡಲೇ ಇಲ್ಲ. ನೀನು ಒಳಗಿನಿಂದ ನೋಡಿದೆ. ನನಗೂ ಎಲ್ಲರಂತೆ ಕುರ್ಚಿ ಎಳೆದುಕೊಟ್ಟೆ.

ಹಳೇ ಟೈಲರ್ ಅಂಗಡಿಯ ಆ ಕೋಣೆಯನ್ನು ಎಷ್ಟು ಚಂದ ಮಾಡಿದ್ದೀಯ. ಒಂದೇ ಉದ್ದ ಮೇಜು, ಎಂಟು ಕುರ್ಚಿ. ಇಂಥದ್ದು ಕೊಡಿ ಎಂದು ಕೇಳುವ ಹಾಗಿಲ್ಲ, ನೀನು ಕೊಟ್ಟ ಏಳು ತಟ್ಟೆಗಳನ್ನು ನೀನು ಕೊಟ್ಟ ಕ್ರಮದಲ್ಲಿ ತಿನ್ನಬೇಕು. ಒಂದೊಂದರಲ್ಲೂ ಎರಡು ಮೂರು ತುತ್ತು, ಅಷ್ಟೆ. ಇದಕ್ಕೆ ಊಟ ಎನ್ನುತ್ತಾರಾ ಎಂದು ಒಳಗೊಳಗೇ ನಕ್ಕವಳು ನಾನು. ಬಿದಿರು ಕಳಲೆ ತುಂಬಿದ ಆ ಇಟಲಿಯ ಕಡುಬು, ರವಿಯೋಲಿ, ಬಾಯಿಗಿಟ್ಟ ಮೇಲೆ ನಗು ನಿಂತಿತು. ನನ್ನ ಪಕ್ಕದಲ್ಲಿ ಶೃಂಗೇರಿಯಿಂದ ಬಂದಿದ್ದ ಕಲ್ಲೇಶಪ್ಪನವರು, ಹೃದಯದ ಆಪರೇಷನ್ ಆದ ಮೇಲೆ ಎರಡು ವರ್ಷ ಬರೀ ಗಂಜಿ ಕುಡಿದಿದ್ದೇನೆ, ಇವತ್ತು ಮಾತ್ರ ಡಾಕ್ಟರ ಮಾತು ಕೇಳುವುದಿಲ್ಲ ಎಂದು ತಟ್ಟೆ ಒರೆಸಿ ಒರೆಸಿ ತಿನ್ನುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು, ಮಲ್ಲಿ. ಹೆಮ್ಮೆಯೂ ಆಯಿತು. ಎರಡೂ ಒಟ್ಟಿಗೆ.

ಆಮೇಲೆ ಐದನೆಯ ತಟ್ಟೆ ಬಂತು. ನಮ್ಮ ಕಡೆಯ ಗದ್ದೆಯ ಅಕ್ಕಿಯಲ್ಲೇ ಮಾಡಿದ ಇಟಲಿಯ ಮೆತ್ತನೆ ಅನ್ನ, ರಿಸೊಟ್ಟೊ, ಮೇಲೆ ಬೆಣ್ಣೆಯಲ್ಲಿ ಹುರಿದ ಅಣಬೆ. ಎಂಟು ತಟ್ಟೆಗಳನ್ನೂ ಇಟ್ಟ ಮೇಲೆ ನೀನು ಮೇಜಿನ ತುದಿಯಲ್ಲಿ ನಿಂತು, ಈ ಅಣಬೆ ಅಮ್ಮ ಬೆಳಿಗ್ಗೆ ತಾನೇ ಹುತ್ತದ ಬುಡದಿಂದ ಕಿತ್ತು ತಂದದ್ದು, ಚಿಕ್ಕಂದಿನಲ್ಲಿ ತೋಟದ ಕೆಲಸಕ್ಕೆ ಹೋಗುವಾಗ ನಮ್ಮನ್ನೂ ಕರೆದುಕೊಂಡು ಹೋಗಿ ಗುರುತು ಕಲಿಸಿದ್ದೂ ಅವಳೇ ಎಂದು ಹೇಳಿದೆ. ಹೊನ್ನಕ್ಕ ಅಡುಗೆಮನೆ ಬಾಗಿಲಲ್ಲಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಜನ ಚಪ್ಪಾಳೆ ತಟ್ಟಿದರು.

ನನ್ನ ತಟ್ಟೆಯಲ್ಲಿದ್ದ ಅಣಬೆಯ ಉದ್ದನೆಯ ಸೀಳಿನಲ್ಲಿ, ಕಾಂಡದ ನಡುವೆ, ಬಳೆಯಂಥ ಸುತ್ತು ಇತ್ತು. ಕೊಡೆಯ ಒಳಮೈ ಹಸಿರಿಗೆ ತಿರುಗಿತ್ತು. ಬಳೆ ತೊಟ್ಟದ್ದು ವಿಷ, ಮುಟ್ಟಬೇಡಿ ಎಂದು ನಮ್ಮಿಬ್ಬರ ಕೈಗೂ ಹೊಡೆದು ಹೇಳಿಕೊಟ್ಟವರು ಹೊನ್ನಕ್ಕನೇ. ಕಲ್ಲೇಶಪ್ಪನವರ ತಟ್ಟೆ ನೋಡಿದೆ. ಎರಡು ಚೂರು ಒಳ್ಳೆಯದು, ಒಂದು ಅಂಥದ್ದೇ. ನೀನು ಒಲೆಯ ಬಿಸಿಯಲ್ಲಿ, ಏಳು ತಟ್ಟೆಯ ಗಡಿಬಿಡಿಯಲ್ಲಿ, ಅಮ್ಮ ಆರಿಸಿಟ್ಟದ್ದನ್ನು ನಂಬಿ ಕೊಯ್ದಿರಬೇಕು. ಹೊನ್ನಕ್ಕನ ಕೈ ತಪ್ಪುತ್ತದೆಂದು ಯಾರು ತಾನೇ ನೆನೆಸಿಯಾರು.

ಈಗ ಬರೆಯುವುದನ್ನು ಬರೆಯಲು ಎರಡು ದಿನ ಹಿಡಿಯಿತು. ನಾನು ಕೂಡಲೇ ಏಳಲಿಲ್ಲ. ಇವರೆಲ್ಲ ಆಸ್ಪತ್ರೆ ಸೇರಿದರೆ ಇವಳ ಕಥೆ ಮುಗಿಯಿತು, ಅಣ್ಣನಿಗೆ ಖುಷಿಯಾಗುತ್ತದೆ ಎಂದು ನನ್ನೊಳಗೆ ಯಾರೋ ಹೇಳಿದರು. ಯಾರೋ ಅಲ್ಲ, ನಾನೇ. ಕಲ್ಲೇಶಪ್ಪನವರ ಚಮಚ ತಟ್ಟೆಯಿಂದ ಬಾಯಿಗೆ ಅರ್ಧ ದಾರಿ ಹೋಗುವಷ್ಟು ಹೊತ್ತು ನಾನು ಸುಮ್ಮನಿದ್ದೆ. ಆಮೇಲೆ ಅವರ ಕೈಗೆ ಹೊಡೆದೆ.

"ಹುಳ ಇದೆ. ಯಾರೂ ತಿನ್ನಬೇಡಿ," ಎಂದೆ.

ವಿಷ ಎಂದಿದ್ದರೆ ಆ ಮಾತು ಸಂಜೆಯೊಳಗೆ ಶೃಂಗೇರಿ ಮುಟ್ಟುತ್ತಿತ್ತು. ಅಲ್ಲಿಗೆ ನಿನ್ನ ಬಾಗಿಲು ಮುಚ್ಚಿದಂತೆ. ಹುಳವಾದರೆ ಜನ ನಾಲ್ಕು ದಿನ ನಕ್ಕು ಮರೆಯುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಹೊನ್ನಕ್ಕ ಅಲ್ಲೇ ನಿಂತಿದ್ದರು. ಅವರ ಎದುರಿಗೆ ಆ ಮಾತು ನನ್ನ ಬಾಯಿಂದ ಬರಲಿಲ್ಲ.

ನೀನು ಬಂದು ಎಲ್ಲಿದೆ ತೋರಿಸು ಎಂದೆ. ತೋರಿಸಲು ಹುಳ ಇರಲಿಲ್ಲ, ತಟ್ಟೆ ಮಗುಚಿದೆ. ಇನ್ನೂ ಬಾಯಿಗಿಡದಿದ್ದ ಉಳಿದವರು ಮುಖ ಕಿವುಚಿ ತಟ್ಟೆ ದೂಡಿದರು. ಆಗ ಒಳಗೆ ಬಾಣಲೆಯಲ್ಲಿ, ಬುಟ್ಟಿಯಲ್ಲಿ ಇನ್ನೂ ಇರುವುದು ನೆನಪಾಯಿತು. ಜನ ಹೋದ ಮೇಲೆ ನೀವಿಬ್ಬರೂ ಅದನ್ನೇ ಉಣ್ಣುತ್ತೀರಿ. ಅದಕ್ಕೇ ಅಡುಗೆಮನೆಗೆ ನುಗ್ಗಿ ಪಾತ್ರೆ ತೊಳೆದ ನೀರನ್ನು ಎರಡಕ್ಕೂ ಸುರಿದದ್ದು. ಹೊನ್ನಕ್ಕ ನನ್ನ ತೋಳು ಹಿಡಿದು, "ಎಂತ ಮಾಡಿದೆ ಕೂಸೇ," ಎಂದರು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಿನ್ನ ಅಣ್ಣ ಕಳಿಸಿದನಾ?" ಎಂದು ನೀನು ಎಲ್ಲರೆದುರು ಕೇಳಿದೆ. ಹಾಗನ್ನಿಸಲು ನಿನಗೆ ಕಾರಣವಿದೆ. ಐದು ವರ್ಷದ ಹಿಂದೆ, ಅಣ್ಣ ಸತೀಶ ಹೊಡೆಯುತ್ತಾನೆಂದು ನೀನು ಹಿರಿಯರ ಮುಂದೆ ಹೇಳಿದ ದಿನ, ಒಂದೇ ಮನೆಯಲ್ಲಿದ್ದೂ ನಾನು ಏನೂ ಕಂಡಿಲ್ಲ ಎಂದವಳು ನಾನು. ಹೊರಗೆ ಬಂದುಬಿಟ್ಟೆ. ಟೀಚರ್ ಇವತ್ತಿಗೂ ನನ್ನ ಜೊತೆ ಮಾತಾಡುತ್ತಿಲ್ಲ.

ನನ್ನ ಮಾತನ್ನು ನಂಬು ಎಂದು ಕೇಳುವ ಯೋಗ್ಯತೆ ನನಗಿಲ್ಲ. ಬುಟ್ಟಿಯಿಂದ ಒಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದಿದ್ದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ವಿಜಯ ಅವರಿಗೆ ಸೋಮವಾರ ತೋರಿಸಿದೆ, ಎಲ್ಲಿಯದೆಂದು ಹೇಳಲಿಲ್ಲ. ಇದನ್ನು ತಿಂದ ಗಟ್ಟಿಮುಟ್ಟಾದವರೇ ವಾಂತಿ ಭೇದಿಯಾಗಿ ಆಸ್ಪತ್ರೆ ಸೇರುತ್ತಾರೆ, ಹೃದಯ ಸರಿಯಿಲ್ಲದವರಿಗೆ ಏನಾಗುತ್ತಿತ್ತೋ ಹೇಳಲಾಗದು ಎಂದು ಅವರು ಬರೆದುಕೊಟ್ಟಿದ್ದಾರೆ. ಆ ಚೀಟಿಯನ್ನೂ ಅಣಬೆಯ ಫೋಟೊವನ್ನೂ ಇದರ ಜೊತೆ ಇಟ್ಟಿದ್ದೇನೆ.

ಹೊನ್ನಕ್ಕನ ಕಣ್ಣನ್ನು ಡಾಕ್ಟರಿಗೆ ತೋರಿಸು, ಮಲ್ಲಿ. ಅಣಬೆಯ ವಿಷಯ ಎತ್ತದೆ, ವಯಸ್ಸಾಯಿತು, ಒಮ್ಮೆ ಪರೀಕ್ಷೆ ಮಾಡಿಸೋಣ ಎಂದು ಹೇಳಿ ಕರೆದುಕೊಂಡು ಹೋಗು. ಅಲ್ಲಿಯವರೆಗೆ ಬುಟ್ಟಿ ಬಂದರೆ ಪ್ರತಿಯೊಂದನ್ನೂ ನೀನೇ ನೋಡು. ಅವರು ಕಿತ್ತು ತರುವುದನ್ನು ಮಾತ್ರ ನಿಲ್ಲಿಸಬೇಡ.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಆರನೆಯ, ಏಳನೆಯ ತಟ್ಟೆಯಲ್ಲಿ ಏನಿತ್ತು ಎಂದು ತಿಳಿಯುವ ಆಸೆ ಇದೆ.

ನಿನ್ನ
ಅಂಬಿಕಾ

ಮತ್ತೆ: ಕೊಪ್ಪದ ಕೋರ್ಟಿನಲ್ಲಿ ಇದೇ ಮೂವತ್ತಕ್ಕೆ ನಿಮ್ಮಿಬ್ಬರ ವಿಚ್ಛೇದನದ ಕೇಸಿದೆ. ಅಣ್ಣ ತನ್ನ ಕಡೆಯ ಸಾಕ್ಷಿಯೆಂದು ನನ್ನ ಹೆಸರು ಕೊಟ್ಟಿದ್ದಾನೆ. ಅವನು ನಿನ್ನ ಜುಟ್ಟು ಹಿಡಿದು ಬಾಗಿಲಿಗೆ ಬಡಿದ ದಿನ ನಾನು ಹಿತ್ತಿಲ ಬಾಗಿಲಲ್ಲಿ ನಿಂತಿದ್ದೆ, ನಿನ್ನ ಹಣೆಯಿಂದ ರಕ್ತ ಬಂದದ್ದನ್ನೂ ನೋಡಿದ್ದೆ. ಮೂವತ್ತಕ್ಕೆ ಬರುತ್ತೇನೆ. ಏನು ಹೇಳುತ್ತೇನೆಂದು ಅಣ್ಣನಿಗೆ ಇನ್ನೂ ತಿಳಿಸಿಲ್ಲ.